ದೀಪ ಆರಿಸಿದ ಹತ್ತು ನಿಮಿಷ

ನರ್ಸಿಂಗ್ ಹಾಸ್ಟೆಲ್, ರೂಮ್ 212
ಎಲೆಕ್ಟ್ರಾನಿಕ್ ಸಿಟಿ
12 ಜನವರಿ 2025, ಭಾನುವಾರ

ಅಕ್ಕಾ,

ನಿನ್ನ ಚೀಟಿ ಸಿಕ್ಕಿತು. ಸಿದ್ದಕ್ಕ ಬೆಳಿಗ್ಗೆ ನಿನಗೆ ನೀರು ಹಾಕಿ, ಮಧ್ಯಾಹ್ನ ನಮ್ಮ ಆಸ್ಪತ್ರೆಗೆ ಹೌಸ್‌ಕೀಪಿಂಗ್ ಡ್ಯೂಟಿಗೆ ಬಂದವಳು ರವಿಕೆಯೊಳಗಿಂದ ತೆಗೆದು ಕೊಟ್ಟಳು. ಸೀಗೆಪುಡಿ ವಾಸನೆ ಹೊಡೀತಿತ್ತು. ಮಾತ್ರೆ ಡಬ್ಬಿ ಬಿಚ್ಚಿ ಅದರ ಒಳಮೈ ಮೇಲೆ ಬರೆದಿದ್ದೀಯ. ನಿಮ್ಮತ್ತೆ ನಿನ್ನ ಫೋನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಅಂದರೆ ನನ್ನ ರೂಮ್‌ಮೇಟ್ ನಂಬಲಿಲ್ಲ. "ಬಾಣಂತಿಗೆ ಫೋನ್ ಬ್ಯಾನಾ? ನಮ್ಮ ವಾರ್ಡನ್ನೇ ವಾಸಿ ಕಣೇ" ಅಂದಳು.

ನೀನು ಕೇಳಿರೋದು ಒಂದೇ. ಮಗು ಇದೆಯಾ, ಇಲ್ಲವಾ.

ಇದೆ. ಪ್ರಾಮಿಸ್. ಫಸ್ಟ್ ಇಯರ್‌ನವರನ್ನ ನಮ್ಮ ಆಸ್ಪತ್ರೆಯ ಎಳೆ ಮಕ್ಕಳ ವಾರ್ಡಿಗೆ ಬಿಡಲ್ಲ. ಮಗುವಿನ ಕಡೆಯವಳು ಅಂತ ದಿನಕ್ಕೆ ಹದಿನೈದು ನಿಮಿಷ ಬಿಡ್ತಾರೆ, ನಾಲ್ಕು ಗಂಟೆಗೆ. ಬಾವ ಒಳಗೆ ಬರಲ್ಲ, ಗಾಜಿನ ಬಾಗಿಲಿಂದಲೇ ವಾಪಸ್ ಹೋಗ್ತಾರೆ. ಒಂದು ಕೆಜಿ ನೂರು ಗ್ರಾಂ ಇದ್ದಾಳೆ. ಕಾಲಿಗೆ ಕಟ್ಟಿರೋ ಪಟ್ಟಿ ಮೇಲೆ "ಬೇಬಿ ಆಫ್ ದಿವ್ಯಾ" ಅಂತ ಬರೆದಿದೆ. ಏಳು ತಿಂಗಳಿಗೇ ಹುಟ್ಟಿದವಳಲ್ವಾ, ಮೂಗಿನಲ್ಲಿ ಸಣ್ಣ ಟ್ಯೂಬ್ ಇದೆ, ಹಾಲು ಅದರಲ್ಲೇ ಹೋಗುತ್ತೆ.

ಹಾಲು ಅಂದೆನಲ್ಲ, ಅದೇ ತೊಂದರೆ. ನಿನ್ನೆ ಬಾವ ತಂದ ನಿನ್ನ ಹಾಲಿನ ಬಾಟಲಿಯಲ್ಲಿ ತಳ ಒದ್ದೆಯಾಗುವಷ್ಟೂ ಇರಲಿಲ್ಲ. ಇನ್‌ಚಾರ್ಜ್ ಸ್ಫೂರ್ತಿ ಸಿಸ್ಟರ್ ನನ್ನನ್ನೇ ಗದರಿದರು. "ಏನಮ್ಮ ಫಸ್ಟ್ ಇಯರ್, ನಿಮ್ಮಕ್ಕ ಊಟ ಮಾಡ್ತಿದ್ದಾಳೋ ಬರೀ ಅಳ್ತಿದ್ದಾಳೋ? ಈ ಮಗುವಿಗೆ ಪೌಡರ್ ಹಾಲು ಆಗಲ್ಲ, ಕರುಳು ತಡ್ಕೊಳಲ್ಲ." ಹೊಲಿಗೆ ಕೀವಾಗಿದೆ, ನೀನು ಬರೋ ಹಾಗಿಲ್ಲ ಅಂದೆ. ಅದಕ್ಕೆ ಅವರು, "ಫೋಟೋ ತೆಗೆದು ಕಳಿಸು. ಮಗುವಿನ ಮುಖ ನೋಡಿದರೆ ತಾಯಿಗೆ ಹಾಲು ಇಳಿಯುತ್ತೆ. ಫ್ಲಾಶ್ ಮಾತ್ರ ಹಾಕಿದೆಯೋ, ನಿನ್ನ ಫೋನು ನನ್ನ ಕಸದ ಬುಟ್ಟಿಗೆ" ಅಂದರು.

ತೆಗೀತೀನಿ ಅಕ್ಕಾ. ಊಟ ಮಾಡು, ಪ್ಲೀಸ್.

ನಿನ್ನ
ಕೃಪಾ


14ನೇ ತಾರೀಖು, ಹಬ್ಬ

ಕೃಪಾ,

ಪೆನ್ಸಿಲ್ಲು ಮೊಂಡು, ಕೋಣೆ ಕತ್ತಲೆ. ಗೆರೆ ಮೇಲೆ ಗೆರೆ ಹತ್ತಿದ್ದರೆ ಓದಿಕೋ. ಕಿಟಕಿಗೆ ಕಂಬಳಿ ಹೊಡೆದಿದ್ದಾರೆ. ನನ್ನ ಕಿವಿಗೆ ಹತ್ತಿ. "ಬಾಣಂತಿ ಕಣ್ಣು ಎಳೇವು, ಬೆಳಕು ಬಿದ್ರೆ ಓಯ್ತವೆ" ಅಂತಾರೆ ಅತ್ತೆ.

ನೀನು "ಇದೆ" ಅಂತ ಬರೆದಿದ್ದೀಯ. ಅತ್ತೆಯೂ ದಿನಾ "ಚೆನ್ನಾಗೈತೆ ಕಣಮ್ಮ" ಅಂತಾರೆ. ಮಾವ ತೀರಿಕೊಂಡ ದಿನ ನೆಂಟರಿಗೆಲ್ಲ ಫೋನ್ ಮಾಡಿ "ಒಸಿ ಉಸಾರಿಲ್ಲ, ಬಂದೋಗಿ" ಅಂದವರೂ ಇವರೇ. ಬೇರೆಯವರ ಮಾತು ಯಾಕೆ. ಅಮ್ಮ ಹೋದಾಗ ನಿನ್ನ ಹಾಸ್ಟೆಲ್ಲಿಗೆ ಬಂದು "ಅಮ್ಮಂಗೆ ಜ್ವರ ಕಣೇ, ನೋಡ್ಕೊಂಡು ಬರೋಣ ಬಾ" ಅಂತ ಬಸ್ ಹತ್ತಿಸಿದ್ದು ನಾನೇ. ಆನೇಕಲ್ ಬರೋವರೆಗೂ ನೀನು ನಾನು ಕೊಡಿಸಿದ ಕಡ್ಲೆಕಾಯಿ ತಿಂತಿದ್ದೆ. ಸುಳ್ಳನ್ನ ಎಷ್ಟು ಪ್ರೀತಿಯಿಂದ ಹೇಳಬಹುದು ಅಂತ ನನಗೆ ಗೊತ್ತು.

ಆಪರೇಷನ್ ಆದಾಗ ಎಚ್ಚರ ಇರಲಿಲ್ಲ. ಕಣ್ಣು ಬಿಟ್ಟಾಗ ಮಗುವನ್ನ ಆಂಬುಲೆನ್ಸಲ್ಲಿ ಕಳಿಸಿಯಾಗಿತ್ತು. ನನ್ನ ಹತ್ತಿರ ಅವಳದು ಅಂತ ಏನೂ ಇಲ್ಲ. ಹೆಸರಿಡದ ಮಗುವಿನ ಪಟ ಹಿಡೀಬಾರದಂತೆ, ಅತ್ತೆ ಹೇಳಿದರು. ನೀನು ಹಿಡಿ. ಮುಖ ಕಾಣಬೇಕು. ಕೈಯಲ್ಲ, ಕಾಲಲ್ಲ, ಮುಖ.

ದಿವ್ಯಾ


19 ಜನವರಿ, ಭಾನುವಾರ

ಅಕ್ಕಾ,

ಫೋಟೋ ಬಂದಿಲ್ಲ. ಸಾರಿ. ಯಾಕೆ ಅಂತ ಹೇಳ್ತೀನಿ, ಬೇಜಾರಾಗಬೇಡ.

ಅವಳಿಗೆ ಕಾಮಾಲೆ. ಇಡೀ ದಿನ ನೀಲಿ ದೀಪದ ಕೆಳಗೆ ಮಲಗಿಸಿರ್ತಾರೆ, ಆಗ ಕಣ್ಣಿಗೆ ಬಟ್ಟೆ ಕಟ್ಟಿರ್ತಾರೆ. ಬೆಳಕು ಬೇಕಾದಷ್ಟಿದೆ, ಮುಖ ಇಲ್ಲ. ಹಾಲು ಹಾಕುವಾಗ ಹತ್ತು ನಿಮಿಷ ದೀಪ ಆರಿಸಿ ಬಟ್ಟೆ ಬಿಚ್ಚುತ್ತಾರೆ. ಆಗ ಮುಖ ಇದೆ, ಬೆಳಕಿಲ್ಲ. ಎಳೆ ಮಕ್ಕಳ ನಿದ್ದೆಗೆ ಅಂತ ಆ ವಾರ್ಡನ್ನೇ ಮಬ್ಬಾಗಿ ಇಟ್ಟಿದ್ದಾರೆ, ಹೊರಗೆ ಹೊಸೂರು ರಸ್ತೆಯಲ್ಲಿ ಬಿಸಿಲು ಸುರೀತಿದ್ದರೂ. ನಾನು ತೆಗೆದ ಎಂಟೂ ಫೋಟೋದಲ್ಲಿ ಮಂಜು ಮುಚ್ಚಿದ ಹಾಗೆ ಏನೋ ಒಂದು ಇದೆ. ಆ ವಾರ್ಡಿನ ಮೆಷಿನ್ನುಗಳು ಬೀಪ್ ಅಂದಾಗೆಲ್ಲ ನನ್ನಿಂದಲೇ ಏನೋ ಆಯ್ತು ಅಂತ ಫೋನ್ ಹಿಂದಕ್ಕೆ ಎಳ್ಕೊಂಡುಬಿಡ್ತೀನಿ.

ಚಂದಾಪುರ ಸರ್ಕಲ್ ಹತ್ತಿರ ಸೊಣ್ಣಪ್ಪ ಅಂತ ಸ್ಟುಡಿಯೋ ಇಟ್ಟಿದ್ದಾರೆ, ಪಾಸ್‌ಪೋರ್ಟ್ ಫೋಟೋ ತೆಗೆಯೋರು. ಅವರನ್ನ ಕೇಳಿದೆ. ನಕ್ಕರು. "ಬೆಳಕು ಕಮ್ಮಿ ಇದ್ದ ಕಡೆ ಹೊತ್ತು ಜಾಸ್ತಿ ಕೊಡಬೇಕಮ್ಮ. ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಇರುತ್ತೆ. ಅಷ್ಟು ಹೊತ್ತೂ ನೀನು ಅಲುಗಬಾರದು, ಮಗುವೂ ಅಲುಗಬಾರದು." ಮಗು ಅಲುಗುತ್ತೆ ಸಾರ್ ಅಂದೆ. "ಹಂಗಾದ್ರೆ ಐಎಸ್ಒ ಅಂತ ಇರುತ್ತೆ, ಬೆಳಕು ಹೀರೋ ಶಕ್ತಿ, ಅದನ್ನ ಜಾಸ್ತಿ ಮಾಡಿ ಬೇಗ ಹೊಡಿ. ಚಿತ್ರ ರವೆ ರವೆ ಆಗುತ್ತೆ, ಆಗಲಿ. ರವೆ ಆದರೂ ಮುಖ ಇರುತ್ತೆ, ಶೇಕ್ ಆದರೆ ಮುಖಾನೇ ಇರಲ್ಲ." ಮೊಣಕೈ ಪಕ್ಕೆಗೆ ಒತ್ತಿಕೊಳ್ಳೋದು, ಅರ್ಧ ಉಸಿರು ಬಿಟ್ಟು ತಡೆಯೋದು, ಸ್ಕ್ರೀನ್ ಮುಟ್ಟದೆ ಇಯರ್‌ಫೋನಿನ ಬಟನ್ ಒತ್ತೋದು, ಝೂಮ್ ಮಾಡದೆ ಹತ್ತಿರ ಹೋಗೋದು, ಕಾರಿಡಾರಿನ ಬೆಳಕು ಪಕ್ಕದಿಂದ ಮುಖಕ್ಕೆ ಬೀಳೋ ಹಾಗೆ ನಿಲ್ಲೋದು, ಎಲ್ಲ ಹೇಳಿಕೊಟ್ಟರು.

ಈಗ ದಿನಾ ಸಂಜೆ ನಮ್ಮ ಸ್ಕಿಲ್ಸ್ ಲ್ಯಾಬಲ್ಲಿ ಪ್ರಾಕ್ಟೀಸ್. ಟ್ಯೂಬ್ ಹಾಕೋದು ಕಲಿಯೋಕೆ ಅಂತ ಅಲ್ಲೊಂದು ರಬ್ಬರ್ ಮಗು ಇದೆ. ಅದರ ಮೂಗಿಗೆ ಟ್ಯೂಬ್ ಅಂಟಿಸಿ, ಟೋಪಿ ಹಾಕಿ, ಪರದೆ ಎಳೆದು ತೆಗೀತೀನಿ. ರೂಮ್‌ಮೇಟ್ ಬಾಗಿಲಲ್ಲಿ ನಿಂತು "ಸ್ಮೈಲ್ ಪ್ಲೀಸ್" ಅಂತ ಬೊಂಬೆಗೆ ಹೇಳ್ತಾಳೆ. ನೆನ್ನೆಯದು ಚೆನ್ನಾಗಿ ಬಂತು. ಇನ್ನು ಎರಡು ಮೂರು ದಿನ.

ಕೃಪಾ


23 ಜನವರಿ

ಅಕ್ಕಾ,

ಅರ್ಜೆಂಟಲ್ಲಿ ಬರೀತಿದ್ದೀನಿ. ಕವರಿನಲ್ಲಿ ಫೋಟೋ ಇದೆ. ಸೊಣ್ಣಪ್ಪನವರಿಗೆ ಇಪ್ಪತ್ತೈದು ಫೋಟೋ ಒಟ್ಟಿಗೆ ವಾಟ್ಸಾಪ್ ಮಾಡಿ, ಇರೋದರಲ್ಲಿ ನೀಟಾಗಿರೋದು ಒಂದು ಹಾಕಿಕೊಡಿ ಅಂದಿದ್ದೆ. ಕವರ್ ಅಂಟಿಸಿಯೇ ಕೊಟ್ಟರು. ಸಿದ್ದಕ್ಕನ ಬಸ್ ಹೊರಟಿದೆ, ಬೈತಿದ್ದಾಳೆ, ನಾನೂ ಬಿಚ್ಚಿ ನೋಡಿಲ್ಲ. ನೀನೇ ಮೊದಲು ನೋಡು.

ಕೃ.


26ನೇ ತಾರೀಖು

ಪುಟ್ಟೀ,

ಇದ್ದಾಳೆ. ನನ್ನ ಮಗಳು ಇದ್ದಾಳೆ.

ಬಚ್ಚಲಲ್ಲಿ ನೀರು ಹಾಕುವಾಗ ಸಿದ್ದಕ್ಕ ಕವರ್ ಕೊಟ್ಟಳು. ಒಲೆ ಬೆಳಕಲ್ಲಿ ನೋಡಿದೆ. ನೀವೆಲ್ಲ ಸಣ್ಣ ಸಣ್ಣ ಅಂತ ಹೆದರಿಸಿದ್ದಿರಿ, ಕೆನ್ನೆ ತುಂಬಿಕೊಂಡೇ ಇದೆ! ಮೂಗು ಇವರದೇ, ತುದಿ ಸ್ವಲ್ಪ ಮೇಲಕ್ಕೆ. ನಿದ್ದೆಯಲ್ಲೂ ಎಷ್ಟು ಗಂಭೀರವಾಗಿದ್ದಾಳೆ, ಯಾರಿಗೋ ಕಾಯ್ತಿರೋ ಹಾಗೆ. ಕುತ್ತಿಗೆ ಹತ್ತಿರ ಒಂದು ಗೆರೆ ಇದೆಯಲ್ಲ, ಅದು ಮಡಿಕೆ ತಾನೇ? ಅಲ್ಲಿ ಪೌಡರ್ ಹಾಕಕ್ಕೆ ಹೇಳು, ಬೆವರಿಗೆ ಬೊಕ್ಕೆ ಆಗುತ್ತೆ.

ಮೂರನೇ ದಿನ ಅತ್ತೆ ಕೈಗೆ ಸಿಕ್ಕಿಹಾಕಿಕೊಂಡೆ. ಮುಗೀತು ಅಂದುಕೊಂಡೆ. ಬಾಗಿಲ ಹತ್ತಿರ ಒಯ್ದು ತುಂಬ ಹೊತ್ತು ನೋಡಿದರು. "ನಮ್ಮತ್ತೇರ ಮಕ ಕಣೇ, ಅದೇ ಸೊಟ್ಟ ತುಟಿ" ಅಂದರು. ಆಮೇಲೆ ಉಪ್ಪು ಮೆಣಸಿನಕಾಯಿ ತಂದು ಫೋಟೋಗೇ ದೃಷ್ಟಿ ತೆಗೆದು ಒಲೆಗೆ ಹಾಕಿದರು. ಒಂದಿಷ್ಟೂ ಘಾಟು ಬರಲಿಲ್ಲ. "ನೋಡು, ಎಷ್ಟು ದೃಷ್ಟಿ ಆಗಿತ್ತು" ಅಂದರು.

ನೆನ್ನೆ ಎರಡು ಬಾಟಲಿ. ಇವತ್ತು ಮೂರು. ಫೋಟೋ ಎದುರಿಗಿಟ್ಟುಕೊಂಡು ಕೂತರೆ ತಾನಾಗೇ ಬರುತ್ತೆ.

ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು.

ಅಕ್ಕ


30 ಜನವರಿ

ಅಕ್ಕಾ,

ಹಾಲು ತಲುಪ್ತಿದೆ. ಎರಡು ಗಂಟೆಗೊಮ್ಮೆ ಹತ್ತು ಎಂಎಲ್ ಹಾಕ್ತಿದ್ದಾರೆ. ತೂಕ ನಲವತ್ತು ಗ್ರಾಂ ಏರಿದೆ. ಸ್ಫೂರ್ತಿ ಸಿಸ್ಟರ್ "ಏನು ಮಂತ್ರ ಹಾಕಿದೆಯಮ್ಮ" ಅಂದರು.

ಆ ಫೋಟೋ ಅಷ್ಟೊಂದು ನೋಡಬೇಡ, ಕಣ್ಣು ನೋಯುತ್ತೆ. ಅದು ಸರಿಯಾಗಿ ಬಂದಿಲ್ಲ. ಇನ್ನೊಂದು ತೆಗೆದು ಕಳಿಸ್ತೀನಿ, ಅದು ಬಂದಮೇಲೆ ಇದನ್ನ ವಾಪಸ್ ಕೊಡು. ಇಂಟರ್ನಲ್ಸ್ ಶುರುವಾಗಿದೆ. ನಿದ್ದೆ ಬರ್ತಿಲ್ಲ, ಅದು ಎಕ್ಸಾಮಿಗೆ. ಉದ್ದ ಬರೆಯೋಕೆ ಆಗ್ತಿಲ್ಲ.

ಕೃಪಾ


4 ಫೆಬ್ರವರಿ

ಪುಟ್ಟೀ,

ಬೇರೆ ಫೋಟೋ ಬೇಡ. ಪದೇ ಪದೇ ತೆಗೆದರೆ ಆಯಸ್ಸು ಕಮ್ಮಿ ಅಂತ ಅತ್ತೆ ಹೆದರ್ತಾರೆ. ನನಗೂ ಇದೇ ಸಾಕು, ಇದನ್ನ ಯಾಕೆ ಕೊಡಲಿ? ಇದರ ಜೊತೆಗೇ ಮಲಗೋದು.

ಟೋಪಿ ಕಳಿಸಿದ್ದೀನಿ. ಅತ್ತೆಯ ಹಳೇ ಮೆತ್ತನೆ ಸೀರೆಯದು. ಫೋಟೋ ನೋಡಿ ಅಂದಾಜಿನ ಮೇಲೆ ಹೊಲಿದೆ. ಹಾಕಿ ನೋಡಿ, ಸರಿಯಾಯ್ತಾ ಅಂತ ಬರಿ. ಇವತ್ತು ನಾಲ್ಕು ಬಾಟಲಿ. ಎಕ್ಸಾಮಿಗೆ ಹೆದರಬೇಡ, ನೀನು ಯಾವತ್ತೂ ಫೇಲಾದವಳಲ್ಲ.

ಅಕ್ಕ


11 ಫೆಬ್ರವರಿ

ಅಕ್ಕಾ,

ಇದನ್ನ ಕೂತು ಓದು. ಮೂರು ಸಲ ಬರೆದು ಹರಿದಿದ್ದೀನಿ.

ನಿನ್ನ ಹತ್ತಿರ ಇರೋದು ನಿನ್ನ ಮಗಳ ಫೋಟೋ ಅಲ್ಲ. ಅದು ಲ್ಯಾಬಿನ ರಬ್ಬರ್ ಬೊಂಬೆ.

ನಾನು ಕಳಿಸಿದ ಇಪ್ಪತ್ತೈದರಲ್ಲಿ ಪ್ರಾಕ್ಟೀಸಿನ ಫೋಟೋಗಳೂ ಸೇರಿಹೋಗಿದ್ದವು. ಮಗುವಿನವು ಎಲ್ಲಾ ಶೇಕ್. ಬೊಂಬೆ ಅಲುಗಲ್ವಲ್ಲ. ಸೊಣ್ಣಪ್ಪನವರು ನೀಟಾಗಿರೋದು ಆರಿಸಿದರು. ನೀನು ಕುತ್ತಿಗೆಯ ಗೆರೆ ಅಂದಾಗ ನನಗೆ ಗೊತ್ತಾಯಿತು. ಅದು ರಬ್ಬರ್ ಜೋಡಿಸಿರೋ ಗೆರೆ.

ಅವತ್ತೇ ಹೇಳಬೇಕಿತ್ತು. ಪೆನ್ನು ತಗೊಂಡು ಕೂತೆ. ಅಷ್ಟರಲ್ಲಿ ಬಾವ ಮೂರು ಬಾಟಲಿ ಹಿಡ್ಕೊಂಡು ಕಾರಿಡಾರಲ್ಲಿ ಬರ್ತಿದ್ದರು, ನಗ್ತಿದ್ದರು. ಹೇಳಿದರೆ ಹಾಲು ನಿಂತುಹೋಗುತ್ತೆ ಅಂತ ಹೆದರಿದೆ. ಒಂದು ದಿನ ಸುಮ್ಮನಿದ್ದೆ, ಆಮೇಲೆ ಇನ್ನೊಂದು ದಿನ. ನಿನ್ನ ಟೋಪಿ ಬಂದಾಗ ಸ್ಫೂರ್ತಿ ಸಿಸ್ಟರ್ ಅವಳ ತಲೆಗೆ ಹಾಕಿದರು. ಗಲ್ಲದವರೆಗೂ ಇಳೀತು. ಅವರು "ಬೆಳೀತಾಳೆ ಬಿಡು" ಅಂತ ಮಡಚಿಟ್ಟರು.

ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ಅವಳಿಗೆ ಹುಷಾರಿಲ್ಲ. ಜ್ವರ ಅಂತ ಹೇಳಿ ನಿನ್ನನ್ನ ಬಸ್ ಹತ್ತಿಸ್ತಿಲ್ಲ ಅಕ್ಕಾ. ಇರೋದನ್ನೇ ಹೇಳ್ತೀನಿ. ಭಾನುವಾರದಿಂದ ಹೊಟ್ಟೆ ಊದಿದೆ. ಕರುಳಿಗೆ ಸೋಂಕು. ಹಾಲು ನಿಲ್ಲಿಸಿದ್ದಾರೆ, ನೀನು ಕಳಿಸೋದನ್ನ ಫ್ರೀಜರಲ್ಲಿ ಇಡ್ತಿದ್ದಾರೆ. ಕಾಮಾಲೆ ಮತ್ತೆ ಏರಿ ನೀಲಿ ದೀಪ ಬಂದಿದೆ. ಡಾಕ್ಟರು ಬಾವನನ್ನ ಕರೆದು ಮಾತಾಡಿದರು. ಬಾವ ಪಾರ್ಕಿಂಗಲ್ಲಿ ಬೈಕಿನ ಮೇಲೆ ಸಂಜೆವರೆಗೂ ಕೂತಿದ್ದರು. ನಿಮಗೆ ಯಾರಿಗೂ ಹೇಳಿರಲ್ಲ.

ಇಂದು ನಾಲ್ಕು ಗಂಟೆಗೆ ಕಣ್ಣು ಒರೆಸೋಕೆ ದೀಪ ಆರಿಸಿದರು. ಕಾರಿಡಾರಿನ ಬಾಗಿಲನ್ನ ಸಿಸ್ಟರ್ ಕಾಲಲ್ಲಿ ಒತ್ತಿ ಹಿಡಿದರು, ಅಷ್ಟು ಬೆಳಕು. ಹನ್ನೊಂದು ತೆಗೆದೆ. ಹತ್ತರಲ್ಲಿ ಏನೂ ಇಲ್ಲ. ಒಂದರಲ್ಲಿ ಕಣ್ಣು ಬಿಟ್ಟಿದ್ದಾಳೆ. ರವೆ ರವೆಯಾಗಿದೆ. ಬಲಗೈ ಅಲುಗಿ ಗಲ್ಲದ ಮುಂದೆ ಬಿಳೀ ಹೊಗೆ ಥರ ಬಂದಿದೆ. ಕೆನ್ನೆ ಇಲ್ಲ. ಮುದುಕಿ ಥರ ಕಾಣ್ತಾಳೆ. ಈ ಸಲ ಪ್ರಿಂಟನ್ನ ನಾನೇ ನೋಡಿ ಕವರಿಗೆ ಹಾಕಿದ್ದೀನಿ.

ಇದು ಅವಳು. ಬಾ ಅಕ್ಕಾ.

ಕೃಪಾ


12 ಫೆಬ್ರವರಿ

ಕೃಪಾ,

ಇದು ಯಾರ ಮಗು?

ನನಗೆ ಹುಚ್ಚು ಅಂದುಕೊಂಡಿದ್ದೀಯಾ? ಬೊಂಬೆಗೆ ಇವರ ಮೂಗು ಹೇಗೆ ಬರುತ್ತೆ? ಅತ್ತೆಯ ಅತ್ತೆಯ ತುಟಿ ಹೇಗೆ ಬರುತ್ತೆ? ಬೊಂಬೆ ನೋಡಿ ಯಾರಿಗಾದರೂ ಹಾಲು ಇಳಿಯುತ್ತಾ? ಆ ಫೋಟೋ ಬಂದಮೇಲೆ ಅಲ್ಲಿ ಏನೋ ಆಗಿದೆ. ಮಗು ಅದಲು ಬದಲು ಮಾಡಿದ್ದಾರೆ. ನನ್ನ ದುಂಡು ಮಗುವನ್ನ ಯಾರಿಗೋ ಕೊಟ್ಟು, ಸಾಯೋ ಹಾಗಿರೋ ಮಗುವನ್ನ ನನ್ನ ಹೆಸರಿಗೆ ಕಟ್ಟಿದ್ದಾರೆ. ನಿನ್ನ ಕೈಯಲ್ಲಿ ಈ ಕಥೆ ಬರೆಸಿದ್ದು ಯಾರು? ನಿನ್ನ ಸಿಸ್ಟರಾ?

ನೀನು ಕಳಿಸಿದ್ದನ್ನ ಹರಿದು ಒಲೆಗೆ ಹಾಕಿದೆ. ಅತ್ತೆ ಮುಂದೆಯೇ ಹಾಕಿದೆ.

ಇನ್ನು ಕಾಯಲ್ಲ, ನಾಳೆಯೇ ಬರ್ತೀನಿ. ಅತ್ತೆ ಬಾಗಿಲಿಗೆ ಅಡ್ಡ ಮಲಗಿದರೂ ದಾಟ್ತೀನಿ. ನನ್ನ ಹತ್ತಿರ ಫೋಟೋ ಇದೆ, ಹಿಡಿದು ಒಂದೊಂದು ತೊಟ್ಟಿಲೂ ನೋಡ್ತೀನಿ.

ದಿವ್ಯಾ


13 ಫೆಬ್ರವರಿ, ಬೆಳಿಗ್ಗೆ

ಅಕ್ಕಾ,

ಬಾ. ಆ ಫೋಟೋ ಹಿಡ್ಕೊಂಡೇ ಬಾ. ನನಗೆ ಹೊಡಿ, ಆಮೇಲೆ ಹೊಡಿ. ರಾತ್ರಿ ಉಸಿರಿನ ಪೈಪ್ ಹಾಕಿದ್ದಾರೆ. ನಾಲ್ಕು ಗಂಟೆಗೆ ಅಂತ ಕಾಯಬೇಡ, ಯಾವ ಹೊತ್ತಿಗಾದರೂ ಬಿಡ್ತೀನಿ ಅಂದಿದ್ದಾರೆ ಸ್ಫೂರ್ತಿ ಸಿಸ್ಟರ್. ಹಾಗೆ ಅವರು ಯಾರಿಗೂ ಹೇಳಲ್ಲ. ರಾತ್ರಿ ಡ್ಯೂಟಿಗೆ ಇಲ್ಲೇ ಉಳಿದಿದ್ದ ಸಿದ್ದಕ್ಕನಿಗೆ ಆಟೋ ಮಾಡಿಸಿ ಕಳಿಸ್ತಿದ್ದೀನಿ.

ಕೃ.


2 ಮಾರ್ಚ್, ಭಾನುವಾರ

ಕೃಪಾ,

ನೀನು ಕಳಿಸಿದ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯೋಕೆ ಕೈ ಬರಲಿಲ್ಲ. ಇವತ್ತು ಬರೀತಿದ್ದೀನಿ.

ಹಾಲು ನಿಂತಿಲ್ಲ. ಅತ್ತೆ ದಿನಾ ಎರಡು ಮೊಳ ಮಲ್ಲಿಗೆ ತಂದು ಎದೆಗೆ ಕಟ್ತಾರೆ, ಹಾಲು ಬತ್ತಲಿ ಅಂತ. ಸಂಜೆಗೆ ಹೂವು ಬಾಡಿ ಒದ್ದೆಯಾಗಿರುತ್ತೆ. ನನಗಿನ್ನು ಮಲ್ಲಿಗೆ ಮುಡಿಯೋಕಾಗಲ್ಲ. ಕಿಟಕಿಯ ಕಂಬಳಿ ತೆಗೆದಿದ್ದಾರೆ. ಫೋನು ಕೊಟ್ಟಿದ್ದಾರೆ. ಆನ್ ಮಾಡಿಲ್ಲ.

ಅವತ್ತು ಒಳಗೆ ಬಂದಾಗ ನಾನು ಎಲ್ಲ ತೊಟ್ಟಿಲೂ ನೋಡಿದೆ, ನೀನು ನೋಡ್ತಿದ್ದೆ. ಫೋಟೋದಲ್ಲಿದ್ದ ಹಾಗೆ ಒಂದೂ ಇರಲಿಲ್ಲ. ಎಲ್ಲಾ ಅಷ್ಟಷ್ಟೇ ಇದ್ದವು, ಅಂಗೈ ಅಗಲ. ಆಗ ನಿನ್ನ ಸಿಸ್ಟರ್ ನನ್ನ ಕೈ ಹಿಡಿದು ಅವಳ ಗಾಜಿನ ಪೆಟ್ಟಿಗೆಯ ತೂತಿನೊಳಗೆ ಹಾಕಿಸಿದರು. ಅವಳು ನನ್ನ ಬೆರಳನ್ನ ಹಿಡಿದಳು. ಬೊಂಬೆಯೋ ಅಲ್ಲವೋ, ನನ್ನದೋ ಬೇರೆಯವರದೋ, ಆ ಪ್ರಶ್ನೆ ಆಮೇಲೆ ಬರಲಿಲ್ಲ.

ಇನ್ನೇನೂ ಮಾಡೋ ಹಾಗಿಲ್ಲ, ಅಮ್ಮನ ಎದೆ ಮೇಲಿರಲಿ ಅಂತ ಡಾಕ್ಟರು ಹೇಳಿದ ಮೇಲೆ ಮುಕ್ಕಾಲು ಗಂಟೆ ನನ್ನ ಹತ್ತಿರ ಇದ್ದಳು. ಉಸಿರು ಯಾವಾಗ ನಿಂತಿತು ಅಂತ ನನಗೆ ಗೊತ್ತಾಗಲಿಲ್ಲ, ಸಿಸ್ಟರಿಗೆ ಗೊತ್ತಾಯಿತು. ಅಷ್ಟು ಹೊತ್ತೂ ನನ್ನ ಗಲ್ಲದ ಕೆಳಗೆ ಅವಳ ನೆತ್ತಿ ಇತ್ತು. ನೆತ್ತಿ ಬಡ್ಕೊಳ್ಳೋದನ್ನ ನೋಡ್ತಾ ಇದ್ದೆ. ಮುಖದ ಮೇಲೆಲ್ಲ ಪ್ಲಾಸ್ಟರು, ಪೈಪು, ಕಣ್ಣಿಗೆ ಬಟ್ಟೆ. ಆಮೇಲೆ ಎಲ್ಲ ಬಿಚ್ಚಿ, ನೋಡ್ತೀಯಾ ಅಂತ ಕೇಳಿದರು. ಬೇಡ ಅಂದೆ. ಮೊದಲ ಸಲ ನೋಡೋದು ಹಾಗಾಗಬಾರದು ಅನಿಸಿತು. ಇವರು ಬಟ್ಟೆಯಲ್ಲಿ ಸುತ್ತಿಕೊಂಡು ಹೊಲದ ಬದುವಿಗೆ ಒಯ್ದರು. ಈಗ ಇವರು ನನ್ನನ್ನ ಕೇಳ್ತಾರೆ, ಹೇಗಿದ್ದಳು ಅಂತ. ಇವರೂ ಸುತ್ತಿದ್ದನ್ನ ಬಿಚ್ಚಿ ನೋಡಲಿಲ್ಲವಂತೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆದರೆ ಅದು ಇನ್ನೊಂದು ಕಡ್ಲೆಕಾಯಿ ಕೊಟ್ಟ ಹಾಗೆ. ಸಿಟ್ಟಿದೆ. ಸ್ವಲ್ಪ ದಿನ ಮನೆಗೆ ಬರಬೇಡ. ಬೊಂಬೆಯ ಫೋಟೋ ಎಸೆಯೋಕೆ ಹೋದೆ, ಆಗಲಿಲ್ಲ. ಇಪ್ಪತ್ತು ದಿನ ಅದಕ್ಕೆ ಲಾಲಿ ಹಾಡಿದ್ದೀನಿ. ಬಟ್ಟೆ ಟ್ರಂಕಿನ ತಳದಲ್ಲಿಟ್ಟಿದ್ದೀನಿ. ಆದರೂ ಕಣ್ಣು ಮುಚ್ಚಿದರೆ ಬರೋದು ಆ ದುಂಡು ಕೆನ್ನೆಯೇ. ನನ್ನ ಮಗಳಿಗಾಗಿ ಅಳೋಕೆ ಕೂತರೆ ರಬ್ಬರ್ ಮುಖ ಬಂದು ಕೂರುತ್ತೆ.

ಅದಕ್ಕೇ ಕೇಳ್ತಿದ್ದೀನಿ. ನಾನು ಒಲೆಗೆ ಹಾಕಿದ ಆ ಫೋಟೋ ನಿನ್ನ ಫೋನಲ್ಲಿ ಇನ್ನೂ ಇದ್ದರೆ ಮತ್ತೆ ಹಾಕಿಸು. ಎರಡು ಹಾಕಿಸು, ಇವರಿಗೊಂದು. ಕಂಪ್ಯೂಟರಲ್ಲಿ ಬೆಳ್ಳಗೆ ಮಾಡೋದು, ಕೈಯನ್ನ ತಿದ್ದೋದು ಏನೂ ಬೇಡ ಅಂತ ಆ ಸ್ಟುಡಿಯೋದವರಿಗೆ ಹೇಳು. ಹೇಗಿದೆಯೋ ಹಾಗೆ. ಸಿದ್ದಕ್ಕನ ಕೈಲಿ ಕೊಡು. ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ನೋಡ್ತೀನಿ. ಅವಳ ಮುಖವನ್ನ ನಾನಿನ್ನೂ ಕಲಿಯಬೇಕು.

ದಿವ್ಯಾ